ಹಳೆಯ ಪಠ್ಯ ಓದಿ ಡಿಗ್ರಿ ಮಾಡಿದವರಿಗೆ ಬೆಂಗಳೂರಿನಲ್ಲಿ ಒಂದು ಕೂಟ ಕಟ್ಟೋಣವೇ?

ಬನಶಂಕರಿ ಓದುಗಿ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಮನಸ್ಸಿನಲ್ಲಿರುವ ಒಂದು ವಿಷಯವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ನಾನು ಡಿಗ್ರಿಯಲ್ಲಿ ಓದಿದ್ದು ಲಿಬರಲ್ ಆರ್ಟ್ಸ್. ಅದರಲ್ಲೂ ಹಳೆಯ ಪಠ್ಯಗಳಿಗೆ ಜಾಸ್ತಿ ಒತ್ತು ಕೊಡುವ ಕೋರ್ಸ್. ಪ್ಲೇಟೋ, ಯೂಕ್ಲಿಡ್, ಉಪನಿಷತ್ತು, ಪಂಪ, ಗೆಲಿಲಿಯೋ ಎಲ್ಲರನ್ನೂ ಓದಿಸುತ್ತಿದ್ದರು. ಗೈಡು ಇಲ್ಲ, ನೋಟ್ಸ್ ಬರೆಸುವುದಿಲ್ಲ. ಒಂದು ಪುಟ ಇಟ್ಟುಕೊಂಡು ಇಡೀ ಮಧ್ಯಾಹ್ನ ಮಾತಾಡಿದ್ದೂ ಉಂಟು. ಡಿಗ್ರಿ ಮುಗಿದ ಮೇಲೆ ಎಲ್ಲರೂ ಒಂದೊಂದು ದಿಕ್ಕಿಗೆ ಹೋದರು. ಒಬ್ಬಳು ಎಚ್‌ಆರ್‌ನಲ್ಲಿದ್ದಾಳೆ, ಒಬ್ಬ ಕೆಎಎಸ್‌ಗೆ ಓದುತ್ತಿದ್ದಾನೆ, ಇನ್ನೊಬ್ಬ ಸ್ಟಾರ್ಟಪ್ ಒಂದರಲ್ಲಿ ಕಂಟೆಂಟ್ ಬರೆಯುತ್ತಾನೆ. ನಾನು ಸಾಫ್ಟ್‌ವೇರ್ ಕಂಪನಿಯಲ್ಲಿ ಕೈಪಿಡಿ ಬರೆಯುತ್ತೇನೆ. ಸಂಬಳಕ್ಕೆ ಏನೂ ತೊಂದರೆ ಇಲ್ಲ. ಆದರೆ ಒಂದು ವಾಕ್ಯದ ಅರ್ಥಕ್ಕಾಗಿ ಜಗಳವಾಡುವ ಜನ ಈಗ ಸುತ್ತಮುತ್ತ ಇಲ್ಲ.

ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪು ಇದೆ, ನಿಜ. ಅಲ್ಲಿ ಬರುವುದು ಹುಟ್ಟುಹಬ್ಬದ ಶುಭಾಶಯ, ಕೆಲಸ ಖಾಲಿ ಇದೆ ಅನ್ನುವ ಸುದ್ದಿ, ಮದುವೆ ಕರೆಯೋಲೆ. ಅವೆಲ್ಲ ಬೇಕು. ನಾನು ಕೇಳುತ್ತಿರುವುದು ಬೇರೆ.

ಬೆಂಗಳೂರಿನಲ್ಲಿ ಇಂಥ ಓದು ಓದಿದವರು ಎಷ್ಟು ಕಡೆ ಚದುರಿದ್ದಾರೆ ನೋಡಿ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಕಡೆ ಓದಿದವರು ಇದ್ದಾರೆ. ಹೊರದೇಶದಲ್ಲಿ ಓದಿ ಬಂದವರು ಇದ್ದಾರೆ. ಚಾಮರಾಜಪೇಟೆಯ ಸಂಸ್ಕೃತ ಕಾಲೇಜಿನಲ್ಲಿ ತರ್ಕ, ವ್ಯಾಕರಣ, ಅಲಂಕಾರ ಓದಿದವರು ಇದ್ದಾರೆ. ಜ್ಞಾನಭಾರತಿಯಲ್ಲಿ ಕನ್ನಡ ಎಂಎ ಮಾಡಿ ಹಳಗನ್ನಡವನ್ನು ಅರಗಿಸಿಕೊಂಡವರು ಇದ್ದಾರೆ. ಇವರೆಲ್ಲ ಒಂದೇ ಊರಿನಲ್ಲಿದ್ದರೂ ಒಬ್ಬರಿಗೊಬ್ಬರು ಗೊತ್ತೇ ಇಲ್ಲ.

ನನ್ನ ಆಸೆ ಇಷ್ಟೇ. ತಿಂಗಳಿಗೊಮ್ಮೆ ಕೂರಬೇಕು, ಎಲ್ಲರೂ ಒಂದೇ ಪಠ್ಯ ಓದಿಕೊಂಡು ಬಂದಿರಬೇಕು, ಅದರ ಬಗ್ಗೆ ಮಾತಾಡಬೇಕು. ಹೇಗೆ ಶುರು ಮಾಡುವುದು, ಯಾರನ್ನು ಕರೆಯುವುದು, ಯಾವ ಭಾಷೆಯಲ್ಲಿ? ನಿಮಗೆ ತೋಚಿದ್ದು ಹೇಳಿ.

ರಾಜಾಜಿನಗರದ ಹೊಸ ಪದವೀಧರ

ಅಕ್ಕ, ಐಡಿಯಾ ಚೆನ್ನಾಗಿದೆ. ಆದರೆ ಒಂದು ಮಾತು. ನಾನು ಈ ವರ್ಷ ಪಾಸಾದವನು. ಇಂಟರ್‌ವ್ಯೂಗೆ ಹೋದರೆ ಮೊದಲ ಪ್ರಶ್ನೆಯೇ "ನೀವು ಓದಿದ್ದು ಅಂದರೆ ಎಕ್ಸಾಕ್ಟ್ಲಿ ಏನು?" ಅಂತ. ಮನೆಯಲ್ಲೂ ಅದೇ. ಚಿಕ್ಕಪ್ಪನ ಮಗ ಬಿಇ ಮಾಡಿದ, ಅವನ ಬಗ್ಗೆ ಯಾರೂ ಏನೂ ಕೇಳುವುದಿಲ್ಲ. ನಮಗೆ ಮೊದಲು ಬೇಕಿರುವುದು ದಾರಿ ತೋರಿಸುವ ಹಿರಿಯರು. ಯಾವ ಕೆಲಸಕ್ಕೆ ಅರ್ಜಿ ಹಾಕಬೇಕು, ರೆಸ್ಯೂಮೆಯಲ್ಲಿ ಏನು ಬರೆಯಬೇಕು, ಇದನ್ನು ಹೇಳಿಕೊಡುವವರು ಬೇಕು. ಕೂಟ ಕಟ್ಟಿದರೆ ಇದಕ್ಕೂ ಜಾಗ ಇರಬೇಕು. ಬರೀ ಓದು ಅಂದರೆ ಕೆಲಸ ಇದ್ದವರ ಕೂಟ ಆಗಿಬಿಡುತ್ತದೆ ಅನ್ನುವ ಭಯ ನನಗಿದೆ.

ಬನಶಂಕರಿ ಓದುಗಿ

ನಿಮ್ಮ ಭಯ ನಿಜ, ತಳ್ಳಿಹಾಕುವುದಿಲ್ಲ. ಆದರೆ ಕೆಲಸದ ಮಾತನ್ನೇ ಮುಂದಿಟ್ಟುಕೊಂಡು ಶುರು ಮಾಡಿದರೆ ಕೆಲಸ ಸಿಕ್ಕ ದಿನ ಜನ ಬರುವುದು ನಿಲ್ಲಿಸುತ್ತಾರೆ. ಓದು ನಡುವೆ ಇದ್ದರೆ ಕೆಲಸ ಸಿಕ್ಕವರೂ ಉಳಿಯುತ್ತಾರೆ, ಉಳಿದವರಿಂದಲೇ ನಿಮಗೆ ಸಹಾಯ ಸಿಗುತ್ತದೆ. ಓದು ಮುಗಿದ ಮೇಲೆ ಕಾಫಿ ಹೊತ್ತಿನಲ್ಲಿ ಎಷ್ಟು ಬೇಕಾದರೂ ಮಾತಾಡಬಹುದು. ನಿಮ್ಮ ರೆಸ್ಯೂಮೆ ನಾನೇ ನೋಡುತ್ತೇನೆ, ಕಳಿಸಿ.

ವೈಟ್‌ಫೀಲ್ಡ್ ವಾಸಿ

ನಾನು ಓದಿದ್ದು ಅಮೆರಿಕದ ಸೇಂಟ್ ಜಾನ್ಸ್ ಕಾಲೇಜಿನಲ್ಲಿ. ಅನಾಪೊಲಿಸ್‌ನಲ್ಲಿ ಒಂದು ಕ್ಯಾಂಪಸ್, ಸಾಂಟಾ ಫೇಯಲ್ಲಿ ಇನ್ನೊಂದು. ನಾನು ಸಾಂಟಾ ಫೇಯವನು. ಈ ಬಗೆಯ ಓದನ್ನು ನಾಲ್ಕು ವರ್ಷದ ಪೂರ್ತಿ ಡಿಗ್ರಿಯಾಗಿ ಅವರು 1937ರಿಂದ ನಡೆಸುತ್ತಿದ್ದಾರೆ. ಅಲ್ಲಿ ವಿಭಾಗಗಳೇ ಇಲ್ಲ. ಎಲ್ಲರಿಗೂ ಒಂದೇ ಪಠ್ಯಕ್ರಮ. ಗ್ರೀಕ್ ಕಲಿಯಬೇಕು, ಯೂಕ್ಲಿಡ್‌ನ ಪ್ರಮೇಯಗಳನ್ನು ಬೋರ್ಡಿನ ಮುಂದೆ ನಿಂತು ಸಾಧಿಸಬೇಕು, ಟಾಲೆಮಿ, ನ್ಯೂಟನ್ ಓದಬೇಕು. ಕಲಿಸುವವರನ್ನು ಪ್ರೊಫೆಸರ್ ಅನ್ನುವುದಿಲ್ಲ, ಟ್ಯೂಟರ್ ಅನ್ನುತ್ತಾರೆ.

ಅಲ್ಲಿನ ಸೆಮಿನಾರ್ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮಗೆ ಅದೇ ಉಪಯೋಗಕ್ಕೆ ಬರುವುದು.

ವಾರಕ್ಕೆ ಎರಡು ರಾತ್ರಿ, ಸೋಮವಾರ ಮತ್ತು ಗುರುವಾರ. ಉದ್ದನೆಯ ಮೇಜಿನ ಸುತ್ತ ಇಪ್ಪತ್ತು ಜನರ ಆಸುಪಾಸು ವಿದ್ಯಾರ್ಥಿಗಳು, ಇಬ್ಬರು ಟ್ಯೂಟರ್. ಇಬ್ಬರಲ್ಲಿ ಒಬ್ಬರು ಒಂದು ಪ್ರಶ್ನೆ ಕೇಳಿ ಸುಮ್ಮನಾಗುತ್ತಾರೆ. ಉತ್ತರ ಅವರಿಗೂ ಗೊತ್ತಿರಬೇಕು ಅಂತೇನೂ ಇಲ್ಲ. ಆಮೇಲೆ ಸುಮಾರು ಎರಡು ಗಂಟೆ ಮಾತು. ಕೈ ಎತ್ತುವ ಪದ್ಧತಿ ಇಲ್ಲ. ಪ್ರತಿಯೊಬ್ಬರನ್ನೂ ಮಿಸ್ಟರ್, ಮಿಸ್ ಅಂತ ಮನೆತನದ ಹೆಸರು ಹಿಡಿದೇ ಕರೆಯಬೇಕು. ಎಷ್ಟೇ ಸಿಟ್ಟು ಬಂದರೂ ಆ ಮರ್ಯಾದೆ ಬಿಡುವ ಹಾಗಿಲ್ಲ. ವಿಮರ್ಶಕ ಹೀಗೆ ಹೇಳಿದ್ದಾನೆ, ಪೀಠಿಕೆಯಲ್ಲಿ ಹಾಗಿದೆ ಅಂದರೆ ನಡೆಯುವುದಿಲ್ಲ. ಮೇಜಿನ ಮೇಲಿರುವ ಪುಟದಲ್ಲಿ ಎಲ್ಲಿದೆ, ತೋರಿಸಿ ಅನ್ನುತ್ತಾರೆ.

ಓದಿ ಹೊರಬಿದ್ದವರೂ ಬೇರೆ ಬೇರೆ ಊರುಗಳಲ್ಲಿ ಇದನ್ನೇ ಮುಂದುವರಿಸುತ್ತಾರೆ. ಊರಿನಲ್ಲಿ ನಾಲ್ಕು ಜನ ಹಳೇ ವಿದ್ಯಾರ್ಥಿಗಳು ಸೇರಿದರೂ ಮೊದಲು ಮಾಡುವ ಕೆಲಸ ಸೆಮಿನಾರ್. ಡಿಗ್ರಿಯೇ ಇಲ್ಲದವರಿಗೂ ಇದು ಬೇಕು ಅಂತ ಷಿಕಾಗೋ ವಿಶ್ವವಿದ್ಯಾಲಯದ ಹಚಿನ್ಸ್ ಮತ್ತು ಆಡ್ಲರ್ 1947ರಲ್ಲಿ ಗ್ರೇಟ್ ಬುಕ್ಸ್ ಫೌಂಡೇಶನ್ ಶುರು ಮಾಡಿದರು. ಅಂಗಡಿ ಇಟ್ಟವರು, ಗೃಹಿಣಿಯರು, ಕಾರ್ಖಾನೆ ಕೆಲಸದವರು ಲೈಬ್ರರಿಗಳಲ್ಲಿ ಕೂತು ಅರಿಸ್ಟಾಟಲ್ ಓದಿದರು.

ನನ್ನ ಸಲಹೆ: ಸಂಘ, ಲೋಗೋ, ವೆಬ್‌ಸೈಟು ಎಲ್ಲ ಆಮೇಲೆ. ಮೊದಲು ಒಂದು ಪುಟ, ಒಂದು ಪ್ರಶ್ನೆ, ಇಪ್ಪತ್ತು ಕುರ್ಚಿ. ಇಪ್ಪತ್ತು ದಾಟಿದರೆ ಎರಡು ಗುಂಪು ಮಾಡಿ. ದಾಟಿದ ತಕ್ಷಣ ಅದು ಭಾಷಣ ಆಗುತ್ತದೆ.

ಎನ್.ಆರ್. ಕಾಲೋನಿ ನಿವೃತ್ತ

ಅಮೆರಿಕದ ವಿಷಯ ತಿಳಿದು ಸಂತೋಷವಾಯಿತು. ಆದರೆ ನಮ್ಮ ಊರಿನಲ್ಲೇ ಇದರ ಬೇರು ಇದೆ ಅನ್ನುವುದನ್ನು ಈ ಕಾಲದ ಮಕ್ಕಳಿಗೆ ಹೇಳಬೇಕು ಅನ್ನಿಸಿತು.

ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಕರ್ನಾಟಕ ಸಂಘ ಕಟ್ಟಿದಾಗ ಅದು ಬರೀ ಕಾಲೇಜು ಸಂಘ. 1919ರಲ್ಲಿ ಅಲ್ಲಿಂದ ಪ್ರಬುದ್ಧ ಕರ್ನಾಟಕ ಪತ್ರಿಕೆ ಹೊರಟಿತು. ಆಗ ಕಾಲೇಜಿನಲ್ಲಿ ಪಾಠ ಎಲ್ಲ ಇಂಗ್ಲಿಷಿನಲ್ಲಿ. ಹುಡುಗರು ಇಂಗ್ಲಿಷಿನಲ್ಲಿ ಓದಿದ್ದನ್ನು ಕನ್ನಡದಲ್ಲಿ ಯೋಚಿಸಲು, ಬರೆಯಲು ಆ ಸಂಘ ಜಾಗ ಕೊಟ್ಟಿತು. ಬಿ.ಎಂ.ಶ್ರೀ ಇಂಗ್ಲಿಷ್ ಪ್ರೊಫೆಸರು. ಅವರು ಗ್ರೀಕ್ ನಾಟಕಕಾರ ಸೋಫೋಕ್ಲಿಸ್‌ನ ಅಯಾಸ್ ನಾಟಕವನ್ನು ಎತ್ತಿಕೊಂಡು ನಮ್ಮ ಅಶ್ವತ್ಥಾಮನನ್ನಾಗಿ ಮಾಡಿದರು. ಏಸ್ಕಿಲಸ್‌ನ ನಾಟಕವೂ ಅವರ ಕೈಯಲ್ಲಿ ಪಾರಸಿಕರು ಆಗಿ ಕನ್ನಡಕ್ಕೆ ಬಂತು. ಗ್ರೀಕ್ ಓದಿ ಅಲ್ಲಿಗೇ ಬಿಡಲಿಲ್ಲ, ಮನೆಗೆ ತಂದರು.

ಇನ್ನು ಡಿ.ವಿ.ಜಿ. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ನಮ್ಮ ಕಾಲೋನಿಯಲ್ಲೇ ಇದೆ, ಬುಲ್ ಟೆಂಪಲ್ ರಸ್ತೆಯಲ್ಲಿ. ಅಲ್ಲಿ ಅಧ್ಯಯನ ಗೋಷ್ಠಿ ನಡೆಸುತ್ತಿದ್ದರು. ಗೀತೆ, ರಾಜ್ಯಶಾಸ್ತ್ರ, ಇಂಗ್ಲಿಷ್ ಕಾವ್ಯ, ಎಲ್ಲವೂ. ಬರುತ್ತಿದ್ದವರು ಗುಮಾಸ್ತರು, ವಕೀಲರು, ಮೇಷ್ಟ್ರುಗಳು, ವಿದ್ಯಾರ್ಥಿಗಳು. ಅದೇ 1945ರಲ್ಲಿ ಬಿ.ಪಿ. ವಾಡಿಯಾ ದಂಪತಿ ಬಸವನಗುಡಿಯಲ್ಲಿ ವರ್ಲ್ಡ್ ಕಲ್ಚರ್ ಸಂಸ್ಥೆ ಶುರು ಮಾಡಿದರು. ಎರಡು ಸಂಸ್ಥೆಗಳ ನಡುವೆ ನಡೆದು ಹೋಗುವಷ್ಟು ದೂರ. ಎಚ್. ನರಸಿಂಹಯ್ಯನವರು ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದ್ದು 1962ರಲ್ಲಿ. ಬುಧವಾರ ಬಂತೆಂದರೆ ಉಪನ್ಯಾಸ. ಜನ ಕಡಿಮೆ ಬಂದರು ಅಂತ ಬುಧವಾರವನ್ನು ಬದಲಾಯಿಸುತ್ತಿರಲಿಲ್ಲ.

ಇವೆಲ್ಲ ಉಳಿದದ್ದು ಹೇಗೆ? ಜಾಗ ಬದಲಾಗಲಿಲ್ಲ, ದಿನ ಬದಲಾಗಲಿಲ್ಲ, ಬಾಗಿಲು ತೆಗೆಯುವ ಮನುಷ್ಯ ಒಬ್ಬ ಇದ್ದ. ನೀವು ಈ ಮೂರನ್ನು ಗಟ್ಟಿ ಮಾಡಿಕೊಳ್ಳಿ. ಪ್ರತಿ ತಿಂಗಳು "ಯಾವ ಭಾನುವಾರ ಅನುಕೂಲ?" ಅಂತ ವಾಟ್ಸಾಪಿನಲ್ಲಿ ಮತ ಹಾಕಿಸಲು ಹೋದರೆ ಆರು ತಿಂಗಳಲ್ಲಿ ಮುಚ್ಚಿಹೋಗುತ್ತದೆ.

ನೆಲಮಂಗಲದ ಕನ್ನಡ ಮೇಷ್ಟ್ರು

ಮೇಲಿನವರ ಮಾತು ಓದಿ ನಿಜಕ್ಕೂ ಖುಷಿಯಾಯಿತು. ಆದರೂ ಒಂದು ವಿಷಯ ನೇರವಾಗಿ ಕೇಳಬೇಕು.

ನಾನು ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ನನ್ನ ವಿದ್ಯಾರ್ಥಿಗಳು ಬಿಎ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ. 2021ರಲ್ಲಿ ನಾಲ್ಕು ವರ್ಷದ ಡಿಗ್ರಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂದೆವು. ಈ ನಡುವೆ ಓದಿದ ಮಕ್ಕಳು ಏನೇನು ಪಡಿಪಾಟಲು ಪಟ್ಟರು ಅನ್ನುವುದು ನಮಗೆ ಗೊತ್ತು. ಅವರು ಓದಿದ್ದು ಲಿಬರಲ್ ಆರ್ಟ್ಸ್ ಅಲ್ಲವೇ? ಲಕ್ಷಗಟ್ಟಲೆ ಫೀಸು ಕಟ್ಟಿ ಓದಿದರೆ ಲಿಬರಲ್ ಆರ್ಟ್ಸ್, ಸರ್ಕಾರಿ ಕಾಲೇಜಿನಲ್ಲಿ ಓದಿದರೆ ಬರೀ ಬಿಎ. ಹೀಗೆ ಆಗಬಾರದು.

ನನ್ನ ಒಬ್ಬ ವಿದ್ಯಾರ್ಥಿನಿ ಇದ್ದಾಳೆ. ತಂದೆ ಪೀಣ್ಯದಲ್ಲಿ ಲೇತ್ ಕೆಲಸ. ಅವಳು ವಡ್ಡಾರಾಧನೆಯ ಕಥೆಯೊಂದನ್ನು ಓದಿ, ಕಥೆಯೊಳಗೆ ಕಥೆ ಯಾಕೆ ಬರುತ್ತದೆ, ಹೇಳುವವನು ಬದಲಾದರೆ ಪಾಪದ ಲೆಕ್ಕವೂ ಬದಲಾಗುತ್ತದಾ ಅಂತ ಕೇಳಿದಳು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅವಳು ಈಗ ಒಂದು ಮೆಡಿಕಲ್ ಅಂಗಡಿಯಲ್ಲಿ ಬಿಲ್ಲಿಂಗ್ ಮಾಡುತ್ತಾಳೆ. ನಿಮ್ಮ ಕೂಟ ಅವಳಿಗೆ ತೆರೆದಿರುತ್ತದಾ? ತೆರೆದಿದ್ದರೂ ಎಲ್ಲರೂ ಇಂಗ್ಲಿಷಿನಲ್ಲಿ ಮಾತಾಡುತ್ತಾ ಕೂತರೆ ಅವಳು ಎರಡನೇ ಸಲ ಬರುವುದಿಲ್ಲ.

ಕವಿರಾಜಮಾರ್ಗ ಈ ನಾಡಿನ ಜನ ಓದದೆಯೂ ಕಾವ್ಯದಲ್ಲಿ ಪಳಗಿದವರು ಅಂತ ಸುಮಾರು 850ರ ಹೊತ್ತಿಗೇ ಹೇಳಿದೆ. ಡಿವಿಜಿ ಮೆಟ್ರಿಕ್ ಕೂಡ ಪಾಸಾದವರಲ್ಲ. ಪದವೀಧರರಿಗೆ ಮಾತ್ರ ಅಂತ ಬೋರ್ಡು ಹಾಕಿದರೆ ಡಿವಿಜಿಯವರನ್ನೇ ಹೊರಗೆ ನಿಲ್ಲಿಸಿದ ಹಾಗೆ.

ಬನಶಂಕರಿ ಓದುಗಿ

ಸಾರ್, ನಿಮ್ಮ ಮಾತು ಪೂರ್ತಿ ಒಪ್ಪಿದೆ. ಷರತ್ತು ಒಂದೇ ಇರಲಿ: ಆ ತಿಂಗಳ ಪಠ್ಯ ಓದಿಕೊಂಡು ಬಂದಿರಬೇಕು. ಓದಿದ್ದರೆ ಯಾವ ಡಿಗ್ರಿಯೂ ಕೇಳುವುದಿಲ್ಲ, ಓದದಿದ್ದರೆ ಯಾವ ಡಿಗ್ರಿ ಇದ್ದರೂ ಆ ಸಲ ಸುಮ್ನೆ ಕೇಳಿಸಿಕೊಳ್ಳಬೇಕು. ಮಾತಿನ ಭಾಷೆ ಕನ್ನಡ. ಪಠ್ಯ ಯಾವ ಭಾಷೆಯಲ್ಲಿ ಬೇಕಾದರೂ ಓದಿಕೊಂಡು ಬನ್ನಿ. ಕನ್ನಡದಲ್ಲಿ ತಡವರಿಸುವವರು ತಡವರಿಸಲಿ, ಕಾಯೋಣ. ಆ ಹುಡುಗಿಯನ್ನು ದಯವಿಟ್ಟು ಕರೆದುಕೊಂಡು ಬನ್ನಿ.

ವೈಟ್‌ಫೀಲ್ಡ್ ವಾಸಿ

ಕನ್ನಡದಲ್ಲಿ ಮಾತಾಡಬೇಕು ಅಂದರೆ ನನಗೆ ಕಷ್ಟ. ಮನೆಮಾತು ಕನ್ನಡವೇ. ಆದರೆ ಇಂಥ ವಿಷಯವನ್ನು ಕನ್ನಡದಲ್ಲಿ ಯಾವತ್ತೂ ಮಾತಾಡಿಲ್ಲ. ಆದರೂ ಒಪ್ಪಿದ್ದೇನೆ. ಅಮ್ಮನ ಜೊತೆ ನ್ಯಾಯ ಅನ್ಯಾಯದ ಬಗ್ಗೆ ಕನ್ನಡದಲ್ಲೇ ಜಗಳ ಮಾಡಿ ಬೆಳೆದವನು, ಪ್ಲೇಟೋ ಬಗ್ಗೆಯೂ ಮಾಡಬಲ್ಲೆ.

ಚಾಮರಾಜಪೇಟೆ ವಿದ್ವತ್

ನನ್ನ ಓದು ತರ್ಕಶಾಸ್ತ್ರ, ಸಂಸ್ಕೃತದಲ್ಲಿ ವಿದ್ವತ್ ಪರೀಕ್ಷೆ ಮಾಡಿದ್ದೇನೆ. ಈಗ ಒಂದು ಶಾಲೆಯಲ್ಲಿ ಸಂಸ್ಕೃತ ಅಧ್ಯಾಪಕ. ನಮ್ಮ ಕಡೆಯವರನ್ನೂ ನೆನೆಸಿಕೊಂಡಿದ್ದಕ್ಕೆ ಧನ್ಯವಾದ. ಸಾಮಾನ್ಯವಾಗಿ ಇಂಥ ಪಟ್ಟಿಯಲ್ಲಿ ನಮ್ಮ ಹೆಸರು ಬರುವುದಿಲ್ಲ.

ಯೂರೋಪಿನ ಹಳೆಯ ಲಿಬರಲ್ ಆರ್ಟ್ಸ್ ಪದ್ಧತಿಯಲ್ಲಿ ಮೊದಲು ವ್ಯಾಕರಣ, ತರ್ಕ, ಮಾತುಗಾರಿಕೆ. ಆಮೇಲೆ ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ. ಒಟ್ಟು ಏಳು. ಪಾಠಶಾಲೆಯಲ್ಲಿ ನಾವು ಓದಿದ ಕ್ರಮ ಬೇರೆಯಾದರೂ ವ್ಯಾಕರಣ, ತರ್ಕ, ಅಲಂಕಾರ ಅಲ್ಲೂ ಮುಖ್ಯ. ಹಾಗಾಗಿ ನಾವು ಈ ಕೂಟಕ್ಕೆ ಹೊರಗಿನವರಲ್ಲ.

ಚರ್ಚೆಯ ಬಗ್ಗೆ ಒಂದು ಸೂಚನೆ ಕೊಡುತ್ತೇನೆ. ತರ್ಕದ ಹಳೆಯ ಗ್ರಂಥವಾದ ನ್ಯಾಯಸೂತ್ರದಲ್ಲಿ ಮೂರು ಬಗೆಯ ಮಾತು ಹೇಳಿದ್ದಾರೆ. ವಾದ ಅಂದರೆ ಇಬ್ಬರೂ ಸತ್ಯ ತಿಳಿಯಲು ಮಾತಾಡುವುದು. ಜಲ್ಪ ಅಂದರೆ ಗೆಲ್ಲಲು ಮಾತಾಡುವುದು. ವಿತಂಡ ಅಂದರೆ ತನ್ನದೇನೂ ಹೇಳದೆ ಎದುರಿನವರದ್ದನ್ನು ಬರೀ ಒಡೆಯುವುದು. ಈಗ ಟಿವಿಯಲ್ಲಿ, ಫೋನಿನಲ್ಲಿ ನೋಡುವುದು ಜಲ್ಪ, ವಿತಂಡ ಎರಡೇ. ನಮ್ಮ ಕೂಟದಲ್ಲಿ ವಾದ ನಡೆಯಬೇಕು. ಅದಕ್ಕೆ ಒಂದು ಅಭ್ಯಾಸ ಮಾಡಿಕೊಳ್ಳೋಣ. ಯಾರನ್ನಾದರೂ ವಿರೋಧಿಸುವ ಮೊದಲು ಅವರ ಮಾತನ್ನು ನಿಮ್ಮ ಬಾಯಲ್ಲಿ ಒಮ್ಮೆ ಹೇಳಿ. "ಹೌದು, ನಾನು ಹೇಳಿದ್ದು ಇದೇ" ಅಂತ ಅವರು ಒಪ್ಪಿದ ಮೇಲೆ ನಿಮ್ಮ ಆಕ್ಷೇಪ. ಪೂರ್ವಪಕ್ಷವನ್ನು, ಅಂದರೆ ಎದುರಿನವರ ವಾದವನ್ನು, ಪೂರ್ತಿ ಕಟ್ಟದೆ ಸಿದ್ಧಾಂತಕ್ಕೆ, ಅಂದರೆ ನಮ್ಮ ತೀರ್ಮಾನಕ್ಕೆ, ಹಾರುವಂತಿಲ್ಲ. ನಮ್ಮ ಗುರುಗಳು ಇದರಲ್ಲಿ ಒಂದಿಷ್ಟೂ ಸಡಿಲ ಬಿಡುತ್ತಿರಲಿಲ್ಲ. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಿದವನಿಗೇ ಅವರಿಂದ ಶಹಬ್ಬಾಸ್ ಸಿಗುತ್ತಿತ್ತು.

ನೆಲಮಂಗಲದ ಕನ್ನಡ ಮೇಷ್ಟ್ರು

ಹಾಗಾದರೆ ಮೊದಲ ಪಠ್ಯದ ಬಗ್ಗೆ ನಾನೊಂದು ಪ್ರಸ್ತಾಪ ಇಡುತ್ತೇನೆ. ಎರಡು ಚಿಕ್ಕ ಭಾಗ, ಎರಡನ್ನೂ ಒಟ್ಟಿಗೆ ಓದೋಣ.

ಒಂದು, ಪ್ಲೇಟೋನ ಕ್ರೈಟೋ ಸಂಭಾಷಣೆ. ಕ್ರಿ.ಪೂ. 399. ಸಾಕ್ರಟೀಸ್ ಜೈಲಿನಲ್ಲಿದ್ದಾನೆ, ಮರಣದಂಡನೆ ಆಗಿದೆ. ಇನ್ನೂ ಬೆಳಕು ಹರಿದಿಲ್ಲ. ಹಳೆಯ ಗೆಳೆಯ ಕ್ರೈಟೋ ಬಂದು ಪಕ್ಕದಲ್ಲಿ ಕೂತಿದ್ದಾನೆ, ಇವನು ಗಾಢ ನಿದ್ದೆಯಲ್ಲಿದ್ದಾನೆ ಅಂತ ಎಬ್ಬಿಸುವುದಿಲ್ಲ. ಎದ್ದ ಮೇಲೆ ಹೇಳುತ್ತಾನೆ, ದುಡ್ಡಿಗೆ ವ್ಯವಸ್ಥೆ ಆಗಿದೆ, ಬೇರೆ ಊರಿನಲ್ಲಿ ನೋಡಿಕೊಳ್ಳುವವರಿದ್ದಾರೆ, ಹೊರಡು. ಸಾಕ್ರಟೀಸ್ ಹೋಗುವುದಿಲ್ಲ. ಊರಿನ ಕಾನೂನುಗಳೇ ಎದುರಿಗೆ ಬಂದು ನಿಂತು "ನಿನ್ನನ್ನು ಬೆಳೆಸಿದವರು ನಾವು, ಈಗ ನಮ್ಮನ್ನೇ ಮುರಿಯುತ್ತೀಯಾ?" ಅಂತ ಕೇಳಿದರೆ ಏನು ಉತ್ತರ ಕೊಡಲಿ ಅನ್ನುತ್ತಾನೆ.

ಎರಡು, ಪಂಪಭಾರತದ ಒಂಬತ್ತನೇ ಆಶ್ವಾಸದಲ್ಲಿ ಕೃಷ್ಣ ಮತ್ತು ಕರ್ಣ ಮಾತಾಡುವ ಭಾಗ. ಪಂಪ ಇದನ್ನು ಬರೆದದ್ದು 941ರಲ್ಲಿ. ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುತ್ತಾನೆ. ನೀನು ಹಿರಿಯವನು, ರಾಜ್ಯ ನಿನ್ನದು, ಬಾ ಅನ್ನುತ್ತಾನೆ. ಕರ್ಣ ಹೋಗುವುದಿಲ್ಲ. ಅವನು ಕೊಡುವ ಕಾರಣ ದೊಡ್ಡ ಸಿದ್ಧಾಂತ ಅಲ್ಲ, ಪಗಡೆಯಾಟದ ಒಂದು ನೆನಪು. ಆಟದಲ್ಲಿ ದುರ್ಯೋಧನನ ಹೆಂಡತಿ ಭಾನುಮತಿ ಸೋತಳು, ಪಣ ಕೊಡು ಅಂತ ಕಾಡುವಾಗ ಹಾರ ಹರಿದು ಮುತ್ತು ಚೆಲ್ಲಿತು. ದುರ್ಯೋಧನ ಒಂದಿಷ್ಟೂ ಬೇಸರವಿಲ್ಲದೆ ಮುತ್ತು ಆರಿಸಿಕೊಡಲಾ ಅಂತ ಕೇಳಿದ. ಅಂಥವನನ್ನು ಬಿಟ್ಟು ನಿಮ್ಮ ಜೊತೆ ಸೇರಿದರೆ ನಾನು ಕಾಡಿನ ಬೇಡನೇ ಸರಿ, ಅನ್ನುತ್ತಾನೆ.

ಇನ್ನೊಂದು ಸ್ವಾರಸ್ಯ ಇದೆ. ಭಾನುಮತಿ ಆಡಿದ್ದು ಯಾರ ಜೊತೆ? ಕರ್ಣನ ಜೊತೆಯಾ, ಗಂಡನ ಜೊತೆಯಾ? ಪದ್ಯದಲ್ಲಿ ಕರ್ತೃವನ್ನು ಬಾಯಿಬಿಟ್ಟು ಹೇಳಿಲ್ಲ. ವಿದ್ವಾಂಸರಲ್ಲೇ ಎರಡು ಪಕ್ಷ ಇದೆ. ಕರ್ಣನ ಜೊತೆ ಅಂದುಕೊಂಡರೆ ಅದು ದುರ್ಯೋಧನ ಗೆಳೆಯನ ಮೇಲಿಟ್ಟ ನಂಬಿಕೆಯ ಕಥೆ. ಗಂಡನ ಜೊತೆ ಅಂದುಕೊಂಡರೆ, ಗಂಡ ಹೆಂಡತಿಯ ಖಾಸಗಿ ಹೊತ್ತಿನಲ್ಲೂ ಕರ್ಣ ಮನೆಯವನ ಹಾಗೆ ಅಲ್ಲೇ ಕೂತಿದ್ದ ಅನ್ನುವ ಕಥೆ. ಋಣದ ತೂಕವೇ ಬದಲಾಗುತ್ತದೆ. ಒಂದು ಪದ್ಯದ ವ್ಯಾಕರಣ ಇಡೀ ಪಾತ್ರವನ್ನು ತಿರುಗಿಸಿ ನಿಲ್ಲಿಸುತ್ತದೆ. ವಿದ್ವತ್ ಮಾಡಿದವರು, ಲಿಬರಲ್ ಆರ್ಟ್ಸ್‌ನವರು, ನನ್ನ ಬಿಎ ಮಕ್ಕಳು ಮೂವರೂ ಒಂದೇ ಮೇಜಿನ ಸುತ್ತ ಕೂತು ಇದನ್ನು ಬಿಡಿಸುವುದನ್ನು ನೋಡಬೇಕು ಅಂತ ನನಗೆ ಬಹಳ ಆಸೆ.

ಶುರುವಿನ ಪ್ರಶ್ನೆ ಹೀಗಿಡಬಹುದು: ಸಾಕ್ರಟೀಸ್ ಊರಿನ ಋಣಕ್ಕಾಗಿ ಉಳಿದ, ಕರ್ಣ ಗೆಳೆಯನ ಋಣಕ್ಕಾಗಿ ಉಳಿದ. ಕರ್ಣ ಅಥೆನ್ಸಿನ ಜೈಲಿನಲ್ಲಿದ್ದಿದ್ದರೆ ಕ್ರೈಟೋ ಜೊತೆ ಹೊರಡುತ್ತಿದ್ದನಾ?

ರಾಜಾಜಿನಗರದ ಹೊಸ ಪದವೀಧರ

ಸಾರ್, ಈ ಪ್ರಶ್ನೆಗೋಸ್ಕರವೇ ಬರುತ್ತೇನೆ. ನನ್ನ ಪ್ರಕಾರ ಹೊರಡುತ್ತಿದ್ದ. ಕರೆದವನು ಗೆಳೆಯ ತಾನೇ?

ಚಾಮರಾಜಪೇಟೆ ವಿದ್ವತ್

ಇಲ್ಲ, ಕರ್ಣನಿಗೆ ಗೆಳೆಯ ಯಾರೋ ಒಬ್ಬನಲ್ಲ, ಅನ್ನ ಇಟ್ಟವನು. ಅಥೆನ್ಸ್ ಸಾಕ್ರಟೀಸನಿಗೆ ಅನ್ನ ಇಟ್ಟ ಹಾಗೆ. ಉಳಿದದ್ದು ಅಲ್ಲೇ ಮಾತಾಡೋಣ.

ಮಲ್ಲೇಶ್ವರದ ವೀಣೆ ಟೀಚರ್

ನನ್ನದು ಗಣಿತದ ಡಿಗ್ರಿ, ಮನೆಯಲ್ಲಿ ವೀಣೆ ಪಾಠ ಹೇಳುತ್ತೇನೆ. ಬರೀ ಕಾವ್ಯ, ತತ್ವ ಅಂತ ಹೋಗಬೇಡಿ ಅಂತ ಕೇಳಿಕೊಳ್ಳಲು ಬರೆಯುತ್ತಿದ್ದೇನೆ. ಮೇಲೆ ಹೇಳಿದ ಏಳರಲ್ಲಿ ನಾಲ್ಕು ಲೆಕ್ಕಕ್ಕೆ ಸೇರಿದವು. ಅವುಗಳಲ್ಲಿ ಸಂಗೀತವೂ ಒಂದು. ಆದರೆ ಇಂಥ ಗುಂಪುಗಳಲ್ಲಿ ಗಣಿತ ಬಂದ ಕೂಡಲೇ ಜನ ಕರಗುತ್ತಾರೆ.

ಒಂದು ತಿಂಗಳು ನನಗೆ ಬಿಟ್ಟುಕೊಡಿ. ವೀಣೆ ತರುತ್ತೇನೆ, ಟೈಲರ್ ಟೇಪು ತರುತ್ತೇನೆ. ಬಿರಡೆ ಕಡೆಯ ಮೇರುವಿನಿಂದ ಕುದುರೆಯವರೆಗೆ ತಂತಿ ಅಳೆಯೋಣ. ಸರಿ ಅರ್ಧದಲ್ಲಿ ಒತ್ತಿದರೆ ಮೇಲಿನ ಷಡ್ಜ. ಮೂರರಲ್ಲಿ ಎರಡು ಪಾಲು ನುಡಿಯಲು ಬಿಟ್ಟರೆ ಪಂಚಮ. ನಾಲ್ಕರಲ್ಲಿ ಮೂರು ಪಾಲು ಬಿಟ್ಟರೆ ಶುದ್ಧ ಮಧ್ಯಮ. ಟೇಪಿನಲ್ಲಿ ಅಳೆದು ಗುರುತು ಮಾಡಿದ ಕಡೆಯೇ ಮೇಣದ ಮೇಲೆ ಮೆಟ್ಟಿಲು ಕೂತಿರುವುದನ್ನು ಕಣ್ಣಾರೆ ನೋಡಬಹುದು. ಪೈಥಾಗೊರಸ್‌ನ ಕಡೆಯವರು ಜಗತ್ತೆಲ್ಲ ಸಂಖ್ಯೆ ಅಂತ ನಂಬಲು ಇದೇ ಅಲ್ವಾ ಕಾರಣ! ಪಾಠಕ್ಕೆ ಬರುವ ಮಕ್ಕಳಿಗೆ ಇದನ್ನು ತೋರಿಸಿದಾಗಲೆಲ್ಲ ಅವರು ವೀಣೆಯನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ.

ಇನ್ನೂ ಒಂದು. ಮೇಷ್ಟ್ರು ಕವಿರಾಜಮಾರ್ಗ ಹೇಳಿದರು. ಅದು ಹುಟ್ಟಿದ ಅಮೋಘವರ್ಷ ನೃಪತುಂಗನ ಕಾಲದಲ್ಲೇ ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದದ್ದು. ಹನ್ನೆರಡನೇ ಶತಮಾನದ ರಾಜಾದಿತ್ಯ ಲೆಕ್ಕವನ್ನು ಕನ್ನಡ ಪದ್ಯದಲ್ಲೇ ಹೇಳಿದ, ವ್ಯವಹಾರಗಣಿತ ಅವನದು. ಕಾವ್ಯ ಓದುವವರು ಬೇರೆ, ಲೆಕ್ಕ ಮಾಡುವವರು ಬೇರೆ ಅಂತ ಆ ಕಾಲದವರು ಗೋಡೆ ಕಟ್ಟಿರಲಿಲ್ಲ. ಯೂಕ್ಲಿಡ್‌ನ ಮೊದಲ ಪ್ರಮೇಯ ಒಂದು ದಿನ, ರಾಜಾದಿತ್ಯನ ಒಂದು ಲೆಕ್ಕ ಒಂದು ದಿನ. ಹೆದರುವವರಿಗೆ ನಾನಿದ್ದೇನೆ.

ವೈಟ್‌ಫೀಲ್ಡ್ ವಾಸಿ

ಮೇಡಂ, ಇದು ನಡೆಯಲೇಬೇಕು. ನನ್ನ ಕಾಲೇಜಿನಲ್ಲೂ ಸಂಗೀತ ಎಲ್ಲರಿಗೂ ಕಡ್ಡಾಯ. ಮೂರನೇ ತಿಂಗಳು ನಿಮಗೆ ಅಂತ ಈಗಲೇ ಬರೆದಿಡಿ.

ಜಯನಗರದ ಲೆಕ್ಕಪತ್ರ

ನಾನು ಸಿಎ ಆಫೀಸಿನಲ್ಲಿ ಕೆಲಸ ಮಾಡುವವನು, ಓದಿದ್ದು ಬಿಕಾಂ. ಓದುವ ಹುಚ್ಚು ಇದೆ, ಅಷ್ಟೇ. ದುಡ್ಡು, ಕಾಗದಪತ್ರದ ವಿಷಯ ಹೇಳುತ್ತೇನೆ.

ಸಂಘ ನೋಂದಣಿ ಮಾಡಿಸುವುದು ಕಷ್ಟವಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಕನಿಷ್ಠ ಏಳು ಜನ ಸೇರಿದರೆ ಆಯಿತು. ಆದರೆ ಮಾಡಿಸಿದ ಮೇಲೆ ಪ್ರತಿ ವರ್ಷ ಸರ್ವಸದಸ್ಯರ ಸಭೆ, ಲೆಕ್ಕ ಪರಿಶೋಧನೆ, ರಿಜಿಸ್ಟ್ರಾರ್‌ಗೆ ಪಟ್ಟಿ ಸಲ್ಲಿಸುವುದು ಎಲ್ಲ ಇರುತ್ತದೆ. ಅಧ್ಯಕ್ಷರು ಯಾರು, ಕಾರ್ಯದರ್ಶಿ ಯಾರು ಅಂತ ಮನಸ್ತಾಪವೂ ಅಲ್ಲಿಂದಲೇ ಶುರು. ಈಗಲೇ ಬೇಡ. ದೇಣಿಗೆ ತೆಗೆದುಕೊಳ್ಳುವ ಹಂತ ಬಂದಾಗ, ಪುಸ್ತಕ ಕೊಂಡು ಇಡುವ ಹಂತ ಬಂದಾಗ ನೋಡೋಣ.

ಸದ್ಯಕ್ಕೆ ಬಂದವರು ತಲಾ 50 ರೂಪಾಯಿ ಡಬ್ಬಿಗೆ ಹಾಕಲಿ. ಇಲ್ಲದವರು ಹಾಕುವುದು ಬೇಡ, ಯಾರು ಹಾಕಿದರು ಅಂತ ಯಾರೂ ನೋಡುವುದೂ ಬೇಡ. ಕಾಫಿ, ಜೆರಾಕ್ಸ್ ಖರ್ಚು ಅದರಲ್ಲಿ. ಲೆಕ್ಕ ಪ್ರತಿ ತಿಂಗಳು ನಾನು ಬರೆದು ಹಾಕುತ್ತೇನೆ.

ಜಾಗಕ್ಕೆ ಕಬ್ಬನ್ ಪಾರ್ಕ್ ಚೆನ್ನಾಗಿರುತ್ತದೆ ಅಂತ ಒಬ್ಬರು ನನಗೆ ಪ್ರತ್ಯೇಕವಾಗಿ ಬರೆದಿದ್ದಾರೆ. 2023ರಿಂದ ಅಲ್ಲಿ ಕಬ್ಬನ್ ರೀಡ್ಸ್‌ನವರು ಶನಿವಾರ ಸೇರುತ್ತಾರಲ್ಲ, ಹಾಗೆ. ಅವರದ್ದು ಮಾತಿಲ್ಲದ ಓದು, ಮರದ ಕೆಳಗೆ ಚೆನ್ನಾಗಿ ನಡೆಯುತ್ತದೆ. ನಮ್ಮದು ಮಾತು. ಹದಿನೆಂಟು ಜನ ಬಯಲಿನಲ್ಲಿ ಕೂತರೆ ಆ ತುದಿಯವರ ಮಾತು ಈ ತುದಿಗೆ ಕೇಳುವುದಿಲ್ಲ. ಮಳೆ ಬೇರೆ. ನಾಲ್ಕು ಗೋಡೆ ಬೇಕು.

ಕೆಂಗೇರಿ ತಾಯಿ

ನಾನು ಇತಿಹಾಸ ಎಂಎ. ಮಗುವಿಗೆ ನಾಲ್ಕು ವರ್ಷ. ದಯವಿಟ್ಟು ಸಂಜೆ ಇಡಬೇಡಿ. ಸಂಜೆ ಏಳು ಗಂಟೆ ಅಂದರೆ ನನ್ನಂಥವರು ಬರುವುದೇ ಇಲ್ಲ, ದೂರದಿಂದ ಬರುವ ಹುಡುಗಿಯರೂ ಬರುವುದಿಲ್ಲ. ಭಾನುವಾರ ಬೆಳಿಗ್ಗೆ ಇಡಿ. ಮೆಟ್ರೋ ಹತ್ತಿರ ಇಡಿ. ಪಕ್ಕದಲ್ಲಿ ಮಕ್ಕಳು ಚಾಪೆ ಹಾಕಿಕೊಂಡು ಬಣ್ಣ ಹಚ್ಚುತ್ತಾ ಕೂರಲು ಒಂದು ರೂಮು ಇದ್ದರೆ ದೊಡ್ಡ ಉಪಕಾರ. ಬಹಳ ವರ್ಷದ ಮೇಲೆ ಪುಸ್ತಕದ ಬಗ್ಗೆ ನಾಲ್ಕು ಜನರ ಜೊತೆ ಮಾತಾಡುವ ಅವಕಾಶ ಇದು. ಮನೆಯವರಿಗೆ ಈಗಾಗಲೇ ಹೇಳಿಟ್ಟಿದ್ದೇನೆ.

ಎನ್.ಆರ್. ಕಾಲೋನಿ ನಿವೃತ್ತ

ತಾಯಿ, ನಮ್ಮ ಮನೆಯ ಮೊದಲ ಮಹಡಿ ಖಾಲಿ ಇದೆ. ಮಕ್ಕಳಿಬ್ಬರೂ ಹೊರದೇಶದಲ್ಲಿದ್ದಾರೆ. ಒಂದು ದೊಡ್ಡ ಹಾಲ್, ಪಕ್ಕದಲ್ಲಿ ಒಂದು ಕೋಣೆ. ಕೋಣೆಯಲ್ಲಿ ಮಕ್ಕಳು ಕೂರಲಿ, ನಮ್ಮ ಮನೆಯವರು ನೋಡಿಕೊಳ್ಳುತ್ತಾರೆ, ಅವರೇ ಹೇಳಿದ್ದು. ಊಟದ ಮೇಜು ಉದ್ದವಾಗಿದೆ, ಅದಕ್ಕೆ ಇನ್ನೊಂದು ಮೇಜು ಜೋಡಿಸಿದರೆ ಹದಿನೆಂಟು ಜನ ಕೂರಬಹುದು. ಬಾಡಿಗೆ ಮಾತು ಎತ್ತಬೇಡಿ. ಬಾಗಿಲು ತೆಗೆಯುವ ಮನುಷ್ಯ ಬೇಕು ಅಂತ ನಾನೇ ಬರೆದಿದ್ದೆನಲ್ಲ. ಆ ಕೆಲಸ ನನ್ನದು.

ಬನಶಂಕರಿ ಓದುಗಿ

ಸಾರ್, ನಿಮಗೂ ಅಮ್ಮನವರಿಗೂ ಹೇಗೆ ಧನ್ಯವಾದ ಹೇಳಬೇಕೋ ಗೊತ್ತಾಗುತ್ತಿಲ್ಲ.

ಹಾಗಾದರೆ ಹೀಗೆ ಮಾಡೋಣ. ಪ್ರತಿ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ 10ರಿಂದ 12. ಹಬ್ಬ ಬಂದರೂ, ಕ್ರಿಕೆಟ್ ಫೈನಲ್ ಬಂದರೂ ದಿನ ಬದಲಾಗುವುದಿಲ್ಲ. ಐದೇ ಜನ ಬಂದರೂ ನಡೆಯುತ್ತದೆ. ಭಾಷಣ ಇಲ್ಲ, ಮುಖ್ಯ ಅತಿಥಿ ಇಲ್ಲ, ಹಾರ ಶಾಲು ಇಲ್ಲ. ಪ್ರಶ್ನೆ ಕೇಳುವ ಕೆಲಸ ಪ್ರತಿ ತಿಂಗಳು ಬೇರೆ ಬೇರೆ ಇಬ್ಬರಿಗೆ. ಮೊದಲ ಸಲ ಮೇಷ್ಟ್ರು ಮತ್ತು ವೈಟ್‌ಫೀಲ್ಡ್‌ನವರು. ವಿದ್ವತ್ ಸಾರ್ ಹೇಳಿದ ನಿಯಮ, ಅಂದರೆ ಎದುರಿನವರ ಮಾತು ಮೊದಲು ಹೇಳಿ ಆಮೇಲೆ ಆಕ್ಷೇಪ ಅನ್ನುವುದು, ಎಲ್ಲರಿಗೂ ಅನ್ವಯ. ಎಲ್ಲರನ್ನೂ ಬಹುವಚನದಲ್ಲೇ ಮಾತಾಡಿಸೋಣ, ಹೊಸ ಪದವೀಧರರನ್ನೂ ಸೇರಿಸಿ. 12ರಿಂದ 1 ಗಂಟೆವರೆಗೆ ಕಾಫಿ. ಕೆಲಸ, ರೆಸ್ಯೂಮೆ, ಮುಂದಿನ ಓದು, ಪಿಎಚ್‌ಡಿ, ಎಲ್ಲ ಮಾತು ಆಗ. ಹಿರಿಯರು ಆ ಒಂದು ಗಂಟೆ ಎದ್ದು ಹೋಗಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಬರುವ ದಾರಿ: ಹಸಿರು ಮಾರ್ಗದ ನ್ಯಾಷನಲ್ ಕಾಲೇಜು ಸ್ಟೇಷನ್. ವೈಟ್‌ಫೀಲ್ಡ್, ಕೆಂಗೇರಿ ಕಡೆಯವರು ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು ಬದಲಾಯಿಸಿ. ಎಲೆಕ್ಟ್ರಾನಿಕ್ ಸಿಟಿಯವರು ಹಳದಿ ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಬಂದು ಹಸಿರು ಹಿಡಿಯಿರಿ. ಸ್ಟೇಷನ್ನಿನಿಂದ ಆಟೋ. ಮನೆಯ ವಿಳಾಸ ಹೆಸರು ಕೊಟ್ಟವರಿಗೆ ಪ್ರತ್ಯೇಕವಾಗಿ ಕಳಿಸುತ್ತೇನೆ, ಇಲ್ಲಿ ಹಾಕುವುದಿಲ್ಲ.

ಪಠ್ಯ: ಪಂಪಭಾರತ ಗದ್ಯಾನುವಾದದ ಸಮೇತ ಕನ್ನಡ ವಿಕಿಸೋರ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಕ್ರೈಟೋ ಇಂಗ್ಲಿಷಿನಲ್ಲಿ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿದೆ. ಇಂಗ್ಲಿಷ್ ಕಷ್ಟ ಅನ್ನುವವರಿಗಾಗಿ ನಾನು ಕ್ರೈಟೋವನ್ನು ಕನ್ನಡಕ್ಕೆ ಮಾಡುತ್ತಿದ್ದೇನೆ, ಅರ್ಧ ಆಗಿದೆ. ಇನ್ನು ಹತ್ತು ದಿನದಲ್ಲಿ ಮುಗಿಸಿ ಕಳಿಸುತ್ತೇನೆ. ತಪ್ಪಿದ್ದರೆ ತಿದ್ದಿ.

ಮೇಷ್ಟ್ರೇ, ನಿಮ್ಮ ವಿದ್ಯಾರ್ಥಿನಿಗೆ ಭಾನುವಾರ ರಜೆ ಇರುತ್ತದಾ?

ನೆಲಮಂಗಲದ ಕನ್ನಡ ಮೇಷ್ಟ್ರು

ಕೇಳಿದೆ. ಎರಡು ಭಾನುವಾರಕ್ಕೊಮ್ಮೆ ರಜೆಯಂತೆ. ಅಂಗಡಿಯವರ ಜೊತೆ ಮಾತಾಡಿ ಎರಡನೇ ಭಾನುವಾರಕ್ಕೆ ಹಾಕಿಸಿಕೊಂಡಿದ್ದಾಳೆ. ಮಾದಾವರದಿಂದ ಮೆಟ್ರೋ ಹತ್ತಿ ಬರುತ್ತೇವೆ, ನೇರ ಮಾರ್ಗ. ಅವಳ ಜೊತೆ ಇನ್ನಿಬ್ಬರು ಇದ್ದಾರೆ, ನಾಲ್ಕು ಕುರ್ಚಿ ಹಿಡಿದಿಡಿ. ಪಂಪನ ಆ ಭಾಗದ ಜೆರಾಕ್ಸ್ ಇಪ್ಪತ್ತು ಪ್ರತಿ ನಾನೇ ತರುತ್ತೇನೆ. ಪದ್ಯದ ಅಕ್ಷರ ದೊಡ್ಡದಾಗಿ, ಪಕ್ಕದಲ್ಲಿ ಬರೆಯಲು ಜಾಗ ಬಿಟ್ಟು.